ಕಲ್ಲು ಹೇಳುವ ಮುಂಚೆ

ನಮ್ಮೂರಿನಲ್ಲಿ ಮಾತಿಗೆ ಅರವತ್ತು ವರ್ಷ ಆಯಸ್ಸು. ಊರ ಪಡುವಣಕ್ಕೆ, ಕಣಿವೆಯ ಬಾಯಲ್ಲಿ, ಎಮ್ಮೆ ಮಲಗಿ ಮೆಲುಕು ಹಾಕುವ ಹಾಗೆ ಒಂದು ಬಂಡೆಯಿದೆ. ಅದಕ್ಕೆ ಕೇಳುಗಲ್ಲು ಎನ್ನುತ್ತೇವೆ. ಅದರ ಎದುರು ಆಡಿದ್ದು, ಸದ್ದಾದದ್ದು ಎಲ್ಲ ಅದರೊಳಗೆ ಹೋಗುತ್ತದೆ. ಸಂವತ್ಸರದ ಚಕ್ರ ಒಂದು ಸುತ್ತು ತಿರುಗಿ ಅದೇ ಹೆಸರಿನ ವರ್ಷ ಬಂದಾಗ, ಅದೇ ತಿಂಗಳು, ಅದೇ ತಿಥಿ, ಅದೇ ಹೊತ್ತಿಗೆ ಹೊರಗೆ ಬರುತ್ತದೆ. ಕೂಗಿದ್ದರೆ ಕೂಗಾಗಿ, ಪಿಸುಗುಟ್ಟಿದ್ದರೆ ಪಿಸುಮಾತಾಗಿ. ಒಂದು ಅಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಇದರಿಂದ ನಮಗೆ ತೊಂದರೆ ಆಗಿದೆ ಅಂತ ತಿಳಿಯಬೇಡಿ. ಹುಟ್ಟಿದಾಗಿನಿಂದ ಇರುವುದಕ್ಕೆ ಮನುಷ್ಯ ಹೊಂದಿಕೊಳ್ಳುತ್ತಾನೆ. ಆ ದಾರಿಯಲ್ಲಿ ಹೋಗುವವರು ಹೆಗಲ ಮೇಲಿನ ಟವೆಲನ್ನು ಬಾಯಿಗೆ ಅಡ್ಡ ಹಿಡಿದುಕೊಳ್ಳುತ್ತಾರೆ. ಗಂಡ ಹೆಂಡಿರ ಜಗಳ ಕಲ್ಲಿಗೆ ನೂರು ಮಾರು ಇರುವಾಗಲೇ ನಿಂತು, ನೂರು ಮಾರು ದಾಟಿದ ಮೇಲೆ ಎಲ್ಲಿ ಬಿಟ್ಟಿತ್ತೋ ಅಲ್ಲಿಂದ ಶುರುವಾಗುತ್ತದೆ. ಹೊಸ ಬಾಣಂತಿಯರು ಕೂಸನ್ನು ಅಲ್ಲಿಗೆ ಒಯ್ದು ಒಂದು ಸಲ ಅಳಿಸಿ ತರುತ್ತಾರೆ. ಅರವತ್ತು ತುಂಬಿದವರು ಕಲ್ಲಿನೆದುರು ಚಾಪೆ ಹಾಸಿಕೊಂಡು ಕೂತು ತಮ್ಮದೇ ಅಳು ಕೇಳಿ ನಗುವುದಕ್ಕೇ ನಮ್ಮಲ್ಲಿ ಷಷ್ಟ್ಯಬ್ದಿ ಅನ್ನುವುದು. ನನ್ನದನ್ನು ನಾನು ಕೇಳಿದ್ದೇನೆ. ಕುರಿಮರಿಯನ್ನು ಕಾಲಲ್ಲಿ ಮೆಟ್ಟಿದ ಹಾಗಿತ್ತು. ಯುಗಾದಿಯ ದಿನ ಪಂಚಾಂಗದ ಅಯ್ಯನವರು ಮಳೆ ಬೆಳೆ ಓದಿದ ಮೇಲೆ, ಈ ವರ್ಷ ಯಾರ ಯಾರ ದನಿ ಹೊರಗೆ ಬರಲಿದೆ ಎನ್ನುವ ಪಟ್ಟಿಯನ್ನೂ ಓದುತ್ತಾರೆ. ಅವರ ಮನೆಯಲ್ಲಿ ಅದಕ್ಕೆಂದೇ ತಲೆತಲಾಂತರದ ಪುಸ್ತಕವಿದೆ.

ಕೀಲಕ ಸಂವತ್ಸರದ ಆ ಯುಗಾದಿಯಂದು ಅಯ್ಯನವರು ಕನ್ನಡಕ ಸರಿಮಾಡಿಕೊಂಡು, "ಮಾಘ ಬಹುಳ ಚೌತಿ, ಹೊತ್ತೇರಿದ ಮ್ಯಾಲ, ಹುಡುಗರ ಪಡೆಯ ಕಾಳಗ" ಎಂದು ಓದಿದರು. ಕಟ್ಟೆಯ ಮೇಲಿದ್ದ ಮಂದಿಯೆಲ್ಲ ಕತ್ತು ತಿರುಗಿಸಿ ನನ್ನನ್ನೂ, ನನ್ನ ಜತೆ ಆ ಪಡೆಯಲ್ಲಿದ್ದ ದಾವಲಸಾಬನನ್ನೂ ನೋಡಿದರು. ನಾನು ಮೀಸೆ ತೀಡಿಕೊಂಡೆ. ಹೆಸರು ಮಾಳಿಂಗ, ವಯಸ್ಸು ಎಪ್ಪತ್ತೆರಡು, ಹಟ್ಟಿಯಲ್ಲಿ ಇನ್ನೂರು ಕುರಿ, ಬಾಯಲ್ಲಿ ಇಪ್ಪತ್ತಾರು ಹಲ್ಲು. ಯಾರ ಎದುರೂ ತಲೆ ತಗ್ಗಿಸಿದವನಲ್ಲ. ಆದರೆ ಅವತ್ತು ಮೀಸೆಯ ಮೇಲಿದ್ದ ಬೆರಳು ತಣ್ಣಗಾದದ್ದು ನನಗೊಬ್ಬನಿಗೇ ಗೊತ್ತು.

ಆ ಕಾಳಗದ ಹೊತ್ತಿಗೆ ನನಗೆ ಹನ್ನೆರಡು. ಕಣಿವೆಯಾಚೆಯ ದೊರೆಗೆ ನಮ್ಮ ಕಣಿವೆ ಬೇಕಾಗಿತ್ತು. ಊರಿನ ಗಂಡಸರನ್ನೆಲ್ಲ ನಮ್ಮ ದೊರೆ ಆಗಲೇ ದೂರದ ದಂಡಿಗೆ ಒಯ್ದಿದ್ದ. ಉಳಿದಿದ್ದವರು ಮುದುಕರು, ಹೆಂಗಸರು, ಮತ್ತು ಕುರಿ ಕಾಯುವ ನಾವು. ಕಾಲು ಕುಂಟಾಗಿ ಮನೆಗೆ ಬಂದಿದ್ದ ರಾಣೋಜಿ ಜಮಾದಾರ ಹನ್ನೊಂದರಿಂದ ಹದಿನಾಲ್ಕರ ನಡುವಿನ ಇಪ್ಪತ್ತಮೂರು ಹುಡುಗರನ್ನು ಸಾಲಾಗಿ ನಿಲ್ಲಿಸಿ ಕೈಗೆ ಬಂದೂಕು ಕೊಟ್ಟ. ನನ್ನ ಬಂದೂಕು ನನಗಿಂತ ನಾಲ್ಕು ಬೆರಳು ಎತ್ತರ. ಇಡೀ ಮಾಗಿ ನಾವು ಕಣಿವೆಯ ಕುರುಚಲಿನಲ್ಲಿ ಕಂಬಳಿ ಹೊದ್ದು ಮಲಗಿದೆವು. ಎಲ್ಲರ ತಲೆಯಲ್ಲೂ ಹೇನು, ಕೈಗೆಲ್ಲ ಮದ್ದಿನ ವಾಸನೆ. ಇದನ್ನು ಆಟ ಅಂತ ಹೇಳುವವರಿದ್ದಾರೆ. ಆಟವಲ್ಲ. ನಾನು ಹೊಡೆದ ಮೊದಲ ಗುಂಡಿಗೆ ಒಬ್ಬ ಬಿದ್ದ. ಅವನ ರುಮಾಲು ಬಿಚ್ಚಿ ಮುಳ್ಳಿಗೆ ಸಿಕ್ಕಿಕೊಂಡು ಮೂರು ದಿನ ಗಾಳಿಗೆ ಹಾರಾಡುತ್ತಿತ್ತು. ನಾನು ಆ ಮೂರು ದಿನ ರೊಟ್ಟಿ ತಿನ್ನಲಿಲ್ಲ.

ರೊಟ್ಟಿ ಹೊತ್ತು ತರುತ್ತಿದ್ದವಳು ನೀಲಕ್ಕ. ಅವಳಿಗಾಗ ಹದಿನಾರು. ಅವಳ ತಮ್ಮ ಶಿವಗೊಂಡ ನಮ್ಮಲ್ಲಿ ದೊಡ್ಡವನು, ಹದಿನಾಲ್ಕರವನು, ನಮ್ಮ ಮುಂದಾಳು. ಮೂರು ದಿನವಾದ ಮೇಲೆ ರೊಟ್ಟಿಯಲ್ಲಿ ಬೆಲ್ಲ ಸುತ್ತಿ ನನ್ನ ಬಾಯಿಗೆ ತುರುಕಿದವನು ಅವನೇ. "ತಿನ್ನಲೇ, ನೀ ಸತ್ರ ನಿನ್ನ ಬಂದೂಕೂ ನಾನ ಹೊರಬೇಕಾಕ್ಕೇತಿ" ಎಂದಿದ್ದ.

ಕೇಳುಗಲ್ಲಿನ ಎದುರೇ ನಮ್ಮ ಕಾವಲು ಇದ್ದದ್ದರಿಂದ ಜಮಾದಾರ ಒಂದು ಕಟ್ಟಪ್ಪಣೆ ಮಾಡಿದ್ದ. ಬಾಯಿ ಬಿಡುವ ಹಾಗಿಲ್ಲ. "ವೈರಿ ಮಂದಿ ಬೇಕಾದ್ದು ಒದರಲಿ. ನಿಮ್ಮ ಮೊಮ್ಮಕ್ಕಳು ಒಂದು ದಿನ ಇಲ್ಲಿ ಕುಂತು ಕೇಳ್ತಾರ. ನಿಮ್ಮ ಬಾಯಾಗ ಒಂದು ಹೊಲಸು ಮಾತು ಬಂದ್ರ ನಾಲಿಗಿ ಕೀಳ್ತೀನಿ" ಎಂದಿದ್ದ. ಅದಕ್ಕೇ ಅಪ್ಪಣೆಯೆಲ್ಲ ಕೊಂಬಿನಿಂದ. ಕೊಂಬು ಊದುವ ಮನೆತನದ ಗುಳಪ್ಪ ನನ್ನ ಓರಗೆಯವನು. ಅವನು ಒಂದು ಉದ್ದ ಊದಿದರೆ ಮುಂದಕ್ಕೆ, ಎರಡು ಗಿಡ್ಡ ಊದಿದರೆ ಹಿಂದಕ್ಕೆ.

ಮಾಘ ಬಹುಳ ಚೌತಿಯಂದು ಗುಳಪ್ಪ ಒಂದು ಉದ್ದ ಊದಿದ. ನಾವು ಮುಂದೆ ಹೋದೆವು. ಶಿವಗೊಂಡ ಎಲ್ಲರಿಗಿಂತ ಮುಂದೆ, ಬಾರಿಮುಳ್ಳಿನ ಮೆಳೆಗಳನ್ನು ದಾಟಿ, ಕಣಿವೆಯ ಕುತ್ತಿಗೆಯವರೆಗೆ ಹೋಗಿಬಿಟ್ಟಿದ್ದ. ನಾನು ಬಲಗಡೆಯ ದಿಬ್ಬದ ಮೇಲಿದ್ದೆ. ಅಲ್ಲಿಂದ ಪಕ್ಕದ ಹಳ್ಳದಲ್ಲಿ ಧೂಳು ಕಂಡಿತು. ಕುದುರೆಗಳು. ಇನ್ನೊಂದು ಗಳಿಗೆಯಲ್ಲಿ ನಮ್ಮ ಬೆನ್ನಿಗೆ ಬರುವವು. ಆಗ ನಾನು ಏನು ಮಾಡಬೇಕಿತ್ತು? ಓಡಿಹೋಗಿ ಗುಳಪ್ಪನಿಗೆ ಹೇಳಬೇಕಿತ್ತು. ನಾನು ಮಾಡಿದ್ದು ಬೇರೆ. ಐದು ವರ್ಷದವನಿದ್ದಾಗಿಂದ ಹುಲ್ಲುಗಾವಲಿನಲ್ಲಿ ಮಾಡುತ್ತ ಬಂದದ್ದನ್ನೇ ಮಾಡಿದೆ. ತೋಳ ಕಂಡಾಗ ಹಿಂಡನ್ನು ಹಿಂದಕ್ಕೆ ಕರೆಯುವ ಕೂಗು ಹಾಕಿದೆ. "ಹಿರ್‍ರೋ... ಹೋ! ಹಿರ್‍ರೋ... ಹೋ!"

ಇಪ್ಪತ್ತು ಹುಡುಗರು ಒಟ್ಟಿಗೇ ತಿರುಗಿದರು. ಯಾವ ಮನೆಯವರೇ ಆಗಲಿ, ಅವರೆಲ್ಲ ಕುರಿಗಳ ನಡುವೆ ಬೆಳೆದವರು. ಆ ಕೂಗು ಅವರ ಕಿವಿಗೆ ಕೇಳಿದ್ದಲ್ಲ, ಕಾಲಿಗೆ ಕೇಳಿದ್ದು. ತಾವು ಏನಾದರೂ ಕೇಳಿದೆವೆಂದೇ ಅವರಿಗೆ ಗೊತ್ತಾಗಲಿಲ್ಲ. ನಾವು ನಮ್ಮ ಉಸಿರಿನ ಸದ್ದು ಕೇಳುತ್ತೇವೆಯೆ? ಎಲ್ಲರೂ ತಿರುಗಿ ಓಡುವುದನ್ನು ಕಂಡು ಗುಳಪ್ಪ ತನ್ನ ಕೆಲಸ ತಾನು ಮಾಡಿದ. ಎರಡು ಗಿಡ್ಡ ಊದಿದ. ಅದು ಎಲ್ಲರಿಗೂ ಕೇಳಿಸಿತು, ನೆನಪಿನಲ್ಲೂ ಉಳಿಯಿತು. ಕುದುರೆಗಳು ಬರುವ ಹೊತ್ತಿಗೆ ನಾವು ಕಲ್ಲನ್ನು ದಾಟಿ ಊರ ಕಡೆಯ ದೂರದ ಬಂಡೆಗಳ ಸಂದಿಗೆ ಸೇರಿದ್ದೆವು. ಶಿವಗೊಂಡ ಸೇರಲಿಲ್ಲ.

ಸಂಜೆ ಜಮಾದಾರ ನಮ್ಮನ್ನು ಸಾಲಾಗಿ ನಿಲ್ಲಿಸಿ ಒಂದೇ ಮಾತು ಕೇಳಿದ. "ಮೊದಲ ತಿರುಗಿದಾಂವ ಯಾಂವ?" ಎಲ್ಲರೂ ಗುಳಪ್ಪನನ್ನು ನೋಡಿದರು. ಯಾರೂ ಸುಳ್ಳು ಹೇಳಲಿಲ್ಲ. ಅವರಿಗೆ ನೆನಪಿದ್ದದ್ದು ಕೊಂಬು. ನಾನೂ ಏನೂ ಹೇಳಲಿಲ್ಲ. ಆದರೆ ಎಲ್ಲರ ಜತೆ ನಾನೂ ಕತ್ತು ತಿರುಗಿಸಿ ಗುಳಪ್ಪನನ್ನು ನೋಡಿದೆ. ನನ್ನ ತಪ್ಪು ಅಷ್ಟೇ, ಆ ನೋಟ. ಕೂಗಿದ್ದಕ್ಕೆ ನಾನು ಎಂದೂ ನಾಚಿಲ್ಲ. ಕೂಗದಿದ್ದರೆ ಇಪ್ಪತ್ತಮೂರೂ ಹೆಣ ಬೀಳುತ್ತಿದ್ದವು, ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ನೋಡಿದ್ದಕ್ಕೆ ನಾಚಿದ್ದೇನೆ.

ಮುಂದಿನ ತಿಂಗಳು ದೊರೆಗಳಿಬ್ಬರೂ ರಾಜಿಯಾದರು. ಬಂದೂಕು ವಾಪಸು ಕೊಟ್ಟು ನಾವು ಕುರಿಗಳ ಹತ್ತಿರ ಹೋದೆವು. ಗುಳಪ್ಪನನ್ನು ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಮದುವೆಗೆ, ಜಾತ್ರೆಗೆ, ಹೆಣದ ಮುಂದೆ ಊದುವುದಕ್ಕೆ ಅವನಿಗೆ ಮಾತ್ರ ಯಾರೂ ವೀಳ್ಯ ಕೊಡಲಿಲ್ಲ. ಮೂರು ವರ್ಷ ಕಾದು, ಒಂದು ದಿನ ಅವನು ಕೊಂಬನ್ನು ಅವ್ವನ ಮನೆಯ ಜಂತಿಗೆ ಸಿಕ್ಕಿಸಿ ಹೊಳೆ ದಾಟಿ ಹೋದ. ಎಲ್ಲರೂ ಅವನನ್ನು ಮರೆತರು. ನನಗೆ ಮಾತ್ರ ಮರೆಯಲಾಗಲಿಲ್ಲ. ಪ್ರತಿ ಮಾಘದಲ್ಲೂ ಹೊಳೆಯ ಕಡೆ ಒಂದು ಸಲ ನೋಡುತ್ತಿದ್ದೆ, ಆಮೇಲೆ ಕುರಿಗಳ ಕಡೆ ನೋಡುತ್ತಿದ್ದೆ. ಕುರಿ ಮೇಯಿಸುವವನಿಗೆ ಬಿಡುವು ಎಲ್ಲಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಯುಗಾದಿ ಕಳೆಯಿತು, ಮುಂಗಾರು ಕಳೆಯಿತು, ಬಿಳಿಜೋಳ ಬಿತ್ತಿ ಕೊಯ್ದದ್ದೂ ಆಯಿತು. ಚೌತಿಗೆ ಎಂಟು ದಿನ ಇದೆ ಎನ್ನುವಾಗ ದಾವಲಸಾಬನ ಮನೆಗೆ ಹೋದೆ. ಪಿಂಜಾರರ ದಾವಲ ನಮ್ಮ ಪಡೆಯವನೇ. ಇಪ್ಪತ್ತಮೂರರಲ್ಲಿ ಆಗ ಉಸಿರಾಡುತ್ತಿದ್ದವರು ಮೂವರೇ, ನಾನು, ಅವನು, ಹೊಳೆಯಾಚೆ ಗುಳಪ್ಪ. ದಾವಲನ ಎಡಕಿವಿ ಅವತ್ತಿನ ಗುಂಡಿನ ಸದ್ದಿಗೇ ಹೋದದ್ದು. ಅವನ ಬಲಕ್ಕೆ ಕೂತು ಎಲ್ಲ ಹೇಳಿದೆ. ಅವನು ಅರಳೆ ಕುಟ್ಟುತ್ತಿದ್ದ ಕೋಲನ್ನು ಕೆಳಗಿಟ್ಟ.

"ಕಲ್ಲು ಹೆಂಗೂ ಹೇಳ್ತೈತಿ ಬಿಡು. ಇನ್ನ ಎಂಟ ದಿನ."

"ಅದಕ್ಕ ಬಂದೀನಿ. ಕಲ್ಲು ಹೇಳಿದ ಮ್ಯಾಲ ನಾ ಹೌದು ಅಂದ್ರ ಅದು ಹೇಳಿದಂಗಲ್ಲ, ಸಿಕ್ಕಿಬಿದ್ದಂಗ."

"ಅರವತ್ತು ವರ್ಷ ಬಾಯಾಗ ಅವರೆಕಾಳು ಇಟ್ಕೊಂಡಂಗ ಇಟ್ಕೊಂಡು ಈಗ ಉಗುಳ್ತೀನಿ ಅಂತೀಯಲ್ಲೋ ಮಾಳ್ಯಾ" ಎಂದು ನನ್ನನ್ನೇ ನೋಡಿದ. ಆಮೇಲೆ, "ನಾನೂ ಆವತ್ತು ಅವನ್ನ ನೋಡಿದ್ನಲ್ಲಪಾ" ಎಂದ.

"ನೀ ತಿಳೀದ ನೋಡಿದಿ."

"ನೋಡಿದ್ದು ನೋಡಿದ್ದ. ನಡಿ, ಟೋಪಿ ಹಾಕ್ಕೊಂಡ ಬರ್ತೀನಿ."

ಬಸ್ಸು ಹಿಡಿದು ಹೊಳೆಯವರೆಗೆ, ಅಲ್ಲಿಂದ ಹರಿಗೋಲು, ಅಲ್ಲಿಂದ ನಡಿಗೆ. ದಾರಿಯುದ್ದಕ್ಕೂ ದಾವಲ ಬಾಯಿ ಮುಚ್ಚಲಿಲ್ಲ. ಕಾವಲಿನಲ್ಲಿ ಒಂದು ಮುಂಜಾನೆ ಮಂಜಿನಲ್ಲಿ ಜಮಾದಾರನ ಕತ್ತೆಯನ್ನೇ ವೈರಿಯೆಂದು ತಿಳಿದು ನಾವು ಐದು ಗುಂಡು ಹೊಡೆದದ್ದು, ಐದೂ ತಪ್ಪಿದ್ದು, ಕತ್ತೆ ತಲೆ ಎತ್ತಿ ಸಹ ನೋಡದೆ ಮೇಯುತ್ತಿದ್ದುದು. "ಅದಕ್ಕ ಗೊತ್ತಿತ್ತಲೇ, ನಮ್ಮ ಗುರಿ ಎಂಥಾದ್ದಂತ" ಎಂದು ನಕ್ಕ. ನಾನೂ ನಕ್ಕೆ. ಆ ದಿನಗಳ ಬಗ್ಗೆ ನಾವಿಬ್ಬರೂ ಒಂದೇ ಊರಿನಲ್ಲಿ ಅರವತ್ತು ವರ್ಷ ಇದ್ದೂ ಹೀಗೆ ಮಾತಾಡಿರಲಿಲ್ಲ. ಆಮೇಲೆ ಅವನು ಟೋಪಿ ಸರಿಮಾಡಿಕೊಂಡು, "ನನ್ನ ಮೊಮ್ಮಗ ಆಟಕ್ಕ ಕೋಲು ಬಂದೂಕಿನಂಗ ಹಿಡದಾಗ ಕಸ್ಕೊಂಡ್ಬಿಡ್ತೀನಿ. ಯಾಕಂತ ಅವರವ್ವಗ ಇವತ್ತಿಗೂ ಗೊತ್ತಿಲ್ಲ" ಎಂದ.

ಗುಳಪ್ಪ ಮಗಳ ಮನೆಯಲ್ಲಿದ್ದ. ಬೇವಿನ ಮರದ ಕೆಳಗೆ ಕೂತು ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದ. ತಲೆ ಬೋಳಾಗಿತ್ತು, ಕೆನ್ನೆ ಒಳಗೆ ಹೋಗಿತ್ತು. ನಮ್ಮನ್ನು ನೋಡಿ ಎದ್ದವನು ಹೆಸರು ಹಿಡಿದು ಕರೆಯಲಿಲ್ಲ. ಕಾಲು ಜೋಡಿಸಿ, ಕೈಯನ್ನು ತೊಡೆಗೆ ಹಚ್ಚಿ, ಜಮಾದಾರ ಕಲಿಸಿದ ಹಾಗೆ ನೆಟ್ಟಗೆ ನಿಂತ. ನಾವಿಬ್ಬರೂ ಯೋಚಿಸದೆ ಹಾಗೇ ನಿಂತೆವು. ಅವನ ಮಗಳು ಒಳಗಿನಿಂದ ನೀರಿನ ತಂಬಿಗೆ ತಂದವಳು ಮೂವರು ಮುದುಕರು ಕಂಬದ ಹಾಗೆ ನಿಂತದ್ದನ್ನು ಕಂಡು, "ಯಪ್ಪಾ, ಏನಾತು?" ಎಂದು ಗಾಬರಿಯಾದಳು.

ಉಂಡೆವು. ಉಂಡ ಮೇಲೆ ನಾನು ಹೇಳಿದೆ. ಬಳಸಿ ಹೇಳುವುದು ನನಗೆ ಬರುವುದಿಲ್ಲ. ಕೂಗಿದವನು ನಾನು, ಮಂದಿ ತಿರುಗಿದ ಮೇಲೆ ನೀನು ಊದಿದ್ದು, ಗೊತ್ತಿದ್ದೂ ನಾನು ಸುಮ್ಮನಿದ್ದೆ. ಗುಳಪ್ಪ ಕೇಳಿಸಿಕೊಂಡು ತಲೆಯಾಡಿಸಿದ.

"ಇಲ್ಲೋ ಮಾಳ್ಯಾ. ನಾನ ಮೊದಲ ಊದಿದ್ದು."

"ಅಲ್ಲ. ನಾ ದಿಬ್ಬದ ಮ್ಯಾಲಿಂದ ನೋಡೀನಿ."

"ನನಗ ಕಣ್ಣಿಗೆ ಕಟ್ಟಿದಂಗ ನೆನಪೈತಿ. ನನಗ ಅಂಜಿಕಿ ಬಂತು. ಕೊಂಬು ತುಟಿಗೆ ಹಚ್ಚಿದೆ. ಊದಿದೆ. ಆಮ್ಯಾಲ ಎಲ್ಲಾರೂ ತಿರುಗಿದ್ರು. ನೀ ನನ್ನ ಮ್ಯಾಲ ಕರುಣಾ ಮಾಡಾಕ ಇಷ್ಟು ದೂರ ಬಂದಿಯೇನು?"

ನನಗೆ ಮೈ ಉರಿಯಿತು. ತಪ್ಪು ಒಪ್ಪಿಕೊಳ್ಳಲು ಹೋದವನ ಕೈಯಿಂದ ತಪ್ಪನ್ನು ಕಸಿದುಕೊಳ್ಳುವುದೇ? "ಯಾಂವಗ ಬೇಕೋ ನಿನ್ನ ಮ್ಯಾಲ ಕರುಣಾ? ನಿನ್ನ ಅಂಜಿಕಿ ನಿಂದಲ್ಲ, ನಾವು ಕೊಟ್ಟದ್ದು. ಮಂದಿ ನಿನಗ ವೀಳ್ಯ ಕೊಡಲಾರದ ಕೊಡಲಾರದ ನೀನೂ ಹಂಗ ನೆನಸ್ಕೊಂಡಿ" ಎಂದು ಕೂಗಾಡಿದೆ.

"ಅರವತ್ತು ವರ್ಷ ಸಾಕ್ಯಾನಲ್ಲ" ಎಂದ ದಾವಲ ತಣ್ಣಗೆ. "ಒಮ್ಮಿಗೇ ಬಿಟ್ಟುಕೊಡು ಅಂದ್ರ ಹೆಂಗ? ನಾಯಿ ಸಾಕಿದಾಂವನ ಬಿಡಂಗಿಲ್ಲ, ಇನ್ನ ತಪ್ಪು ಸಾಕಿದಾಂವ ಬಿಟ್ಟಾನೇನು?"

ಗುಳಪ್ಪ ಹಗ್ಗದ ಒಂದು ತುದಿಯನ್ನು ನನ್ನ ಕಡೆ ಎಸೆದು, "ಹಿಡಿ" ಎಂದ. ಹಿಡಿದೆ. ಅವನು ಇನ್ನೊಂದು ತುದಿಯಲ್ಲಿ ಕೂತು ಹುರಿ ಹಾಕತೊಡಗಿದ. ನಾನು ಎಳೆದು ನಿಂತೆ. ಬಿಸಿಲು ಬೇವಿನ ಆ ಮಗ್ಗುಲಿಂದ ಈ ಮಗ್ಗುಲಿಗೆ ಬಂತು. ಹಗ್ಗ ಬಿಗಿಯುತ್ತ ಬಿಗಿಯುತ್ತ ನನ್ನ ಅಂಗೈ ಕೆಂಪಾಯಿತು. ಅವನು ಹುರಿ ನಿಲ್ಲಿಸಲಿಲ್ಲ, ನಾನೂ ಬಿಡಲಿಲ್ಲ. ಕೊನೆಗೆ ಗಂಟು ಹಾಕಿ ಹಗ್ಗ ಸುತ್ತುತ್ತ ಅವನು, ನೆಲ ನೋಡಿಕೊಂಡು, "ನಮ್ಮವ್ವ ಸಾಯೂಮಟ ಹೇಳ್ತಿದ್ಲು, ನನ್ನ ಮಗ ಅಂಜುಬುರುಕಲ್ಲ ಅಂತ. ನಾನ ಆಕಿ ಬಾಯಿ ಮುಚ್ಚಿಸ್ತಿದ್ದೆ" ಎಂದ. ಸುತ್ತಿದ ಹಗ್ಗವನ್ನು ಪಕ್ಕಕ್ಕಿಟ್ಟು, "ನನಗ ಹೇಳಿದ್ದು ಆತು. ನೀಲಕ್ಕಗ ಹೇಳಿಯೇನು?" ಎಂದು ಕೇಳಿದ.

"ಇಲ್ಲ."

"ಆಕಿ ಮುಂದ ಹೇಳು. ನಾ ಪಕ್ಕದಾಗ ನಿಂತು ಕೇಳ್ತೀನಿ. ಆಮ್ಯಾಲ ನಂಬೂದೋ ಬಿಡೂದೋ ನೋಡೂಣು."

ಇದೇ ನನಗೆ ಎಲ್ಲಕ್ಕಿಂತ ಕಷ್ಟದ್ದು. ಊರಿನ ಮಂದಿ ನನ್ನ ಬಗ್ಗೆ ಏನು ತಿಳಿದರೂ ನಾನು ತಡೆದುಕೊಂಡೇನು. ನೀಲಕ್ಕನದು ಬೇರೆ. ಮದುವೆಯಾಗಿ ಊರಲ್ಲೇ ಉಳಿದ ಅವಳು, ತಮ್ಮನ ಪಾಲಿನ ಹಬ್ಬದೂಟವನ್ನು ಅರವತ್ತು ವರ್ಷ ನನಗೆ ಬಡಿಸಿದವಳು. ನನ್ನ ಮಕ್ಕಳ ಮದುವೆಯಲ್ಲಿ ಸೋದರತ್ತೆಯ ಜಾಗದಲ್ಲಿ ನಿಂತವಳು. ನನಗೆ ಬೇರೆ ಅಕ್ಕ ಇಲ್ಲ.

ಚೌತಿಯ ಹಿಂದಿನ ದಿನ ಮಧ್ಯಾಹ್ನ ಮೂವರೂ ಅವಳ ಅಂಗಳಕ್ಕೆ ಹೋದೆವು. ಎಪ್ಪತ್ತಾರರ ಮುದುಕಿ ಮೊರದಲ್ಲಿ ಜೋಳ ಕೇರುತ್ತಿದ್ದಳು. "ಬರ್‍ರಿ ಹುಡುಗ್ರಾ" ಎಂದಳು, ಗುಳಪ್ಪನ ಮುಖ ಕಂಡು ಕೈ ನಿಂತಿತು. ನಾನು ಕೂರಲಿಲ್ಲ. ನಿಂತೇ ಹೇಳಿದೆ. ಹೇಳುವಾಗ ಅವಳು ನನ್ನ ಮುಖ ಬಿಟ್ಟು ಬೇರೆ ಕಡೆ ನೋಡಲಿಲ್ಲ. ಮುಗಿಸಿದ ಮೇಲೆ ಮೊರದೊಳಗಿನ ಒಂದು ಕಲ್ಲು ಆರಿಸಿ ಆಚೆ ಎಸೆದಳು.

"ಹನ್ನೆರಡಕ್ಕ ನೀ ಹೇಳಲಿಲ್ಲ. ಅದಕ್ಕ ನಾ ಏನೂ ಅನ್ನಂಗಿಲ್ಲ, ನೀ ಕೂಸು. ಇಪ್ಪತ್ತಕ್ಕ ಯಾಕ ಹೇಳಲಿಲ್ಲ? ಮೂವತ್ತಕ್ಕ? ನಿನ್ನ ಮಗನ ಮದುವ್ಯಾಗ ನಾ ಅಕ್ಷತಿ ಹಾಕಿದ್ನಲ್ಲ, ಆವತ್ತು?"

"ಹೇಳಬೇಕಿತ್ತಕ್ಕ. ಹೇಳಲಿಲ್ಲ."

"ಇಂವ ಒಬ್ಬಾಂವ ಹೊಳಿ ಆಚಿ ಕುಂತಿದ್ದ. ನಾ ಇಂವನ ಹೆಸರು ಹಿಡದು ಶಾಪ ಹಾಕೀನೋ ಮಾಳಿಂಗಾ. ನಿನ್ನ ಸಲುವಾಗಿ ಬಾಯಿ ಹೊಲಸು ಮಾಡ್ಕೊಂಡೆ." ಅವಳು ಎದ್ದು ಗುಳಪ್ಪನ ಕೈ ಹಿಡಿದಳು. "ಒಳಗ ಬಾ ತಮ್ಮಾ. ರೊಟ್ಟಿ ಬಿಸಿ ಅದಾವ. ದಾವಲಾ, ನೀನೂ ಬಾ." ಹೊಸ್ತಿಲು ದಾಟುವಾಗ ನನ್ನ ಕಡೆ ತಿರುಗದೆ, "ನಾಳೆ ಕಲ್ಲಿನ ಮುಂದ ನಿಂತು ಊರಿಗೆಲ್ಲ ಹೇಳು. ಅದಾದ ಮ್ಯಾಲ ನೋಡೂಣು" ಎಂದಳು. ನಾನು ಅಂಗಳದಲ್ಲಿ ನಿಂತಿದ್ದೆ. ಒಳಗೆ ಅವಳು ಬಡಿಸುವ ಸದ್ದು ಕೇಳುತ್ತಿತ್ತು. ಅರವತ್ತು ವರ್ಷದಲ್ಲಿ ಮೊದಲ ಸಲ ಆ ಮನೆಯಿಂದ ಉಣ್ಣದೆ ಹೋದೆ.

ಚೌತಿಯ ಬೆಳಿಗ್ಗೆ ಊರಿಗೆ ಊರೇ ಕಣಿವೆಯಲ್ಲಿತ್ತು. ಗುಂಡಿನ ಸದ್ದಿಗೆ ಬೆದರುತ್ತವೆಂದು ದನ ಕುರಿಗಳನ್ನು ದಿಬ್ಬದ ಆಚೆಯ ಕೂಳೆ ಹೊಲಗಳಿಗೆ ಹೊಡೆಸಿದ್ದರು. ಹೆಂಗಸರನ್ನು ಕೂರಿಸಬೇಕೋ ಬೇಡವೋ ಎಂದು ಪಂಚರು ಇನ್ನೂ ವಾದಿಸುತ್ತಿದ್ದರು, ವೈರಿ ಮಂದಿ ಬಾಯಿಗೆ ಬಂದದ್ದು ಒದರಿದ್ದಾರೆ ಎಂದು. "ಅರವತ್ತು ವರ್ಷದ ಬೈಗುಳ, ಹುಳಿ ಹೋಗಿರ್ತಾವ ಬಿಡ್ರಿ" ಎಂದು ದಾವಲ ತೀರ್ಪು ಕೊಟ್ಟ. ಹೆಂಗಸರು ಹೇಗೂ ಆಗಲೇ ಕೂತಿದ್ದರು.

ಹೊತ್ತು ಇನ್ನೂ ಒಂದು ಮಾರು ಏರಬೇಕಿತ್ತು. ನಾನು ಮುಂದೆ ಹೋಗಿ ಕಲ್ಲಿಗೆ ಬೆನ್ನು ಮಾಡಿ ಮಂದಿಯ ಕಡೆ ತಿರುಗಿ ನಿಂತೆ. ಬಾಯಿಗೆ ಟವೆಲು ಹಿಡಿಯಲಿಲ್ಲ. ನಾನು ಹೇಳುವುದು ಇವರಿಗಷ್ಟೇ ಅಲ್ಲ, ಇನ್ನೊಂದು ಕೀಲಕಕ್ಕೆ ಇಲ್ಲಿ ಕೂರುವವರಿಗೂ ಎಂದು ತಿಳಿದೇ ಹೇಳಿದೆ. "ನಾ ಮಾಳಿಂಗ. ಆವತ್ತು ಪಡೆ ತಿರುಗಿಸಿದಾಂವ ನಾನು. ತೋಳದ ಕೂಗು ಹಾಕಿದೆ. ಗುಳಪ್ಪ ಆಮ್ಯಾಲ ಊದ್ಯಾನ. ಗೊತ್ತಿದ್ದೂ ನಾ ಸುಮ್ಮನಿದ್ದೆ." ಯಾರೋ ಹಿಂದಿನಿಂದ "ಥೂ" ಎಂದರು. ಅದೂ ಕಲ್ಲಿನೊಳಗೆ ಹೋಯಿತು, ಹೋಗಲಿ. ಒಬ್ಬ ಪಂಚ ಎದ್ದು, "ಕೊಂಬು ಕೇಳಿ ತಿರುಗಿದ್ವಿ ಅಂತ ನಮ್ಮಪ್ಪ ಸಾಯೂಮಟ ಹೇಳ್ಯಾನ. ನಮ್ಮಪ್ಪ ಸುಳ್ಳೇನು?" ಎಂದ. "ನಿಮ್ಮಪ್ಪ ಸುಳ್ಳಲ್ಲ. ಕುಂದ್ರು, ಕೇಳು" ಎಂದು ನಾನು ಹೋಗಿ ಗುಳಪ್ಪನ ಪಕ್ಕ ನಿಂತೆ. ನೀಲಕ್ಕ ಅವನ ಆ ಮಗ್ಗುಲಲ್ಲಿದ್ದಳು.

ಕಲ್ಲು ಮೊದಲು ಕೆಮ್ಮಿತು. ಯಾವನೋ ಹುಡುಗನ ಕೆಮ್ಮು. ಆಮೇಲೆ ಒಂದು ಉದ್ದ ಕೊಂಬು, ತಿಳಿಯಾಗಿ, ಎಳೆಯ ಎದೆಯ ಊದು. ಗುಳಪ್ಪ ಕಣ್ಣು ಮುಚ್ಚಿದ. ಗುಂಡುಗಳು ಸಿಡಿಯತೊಡಗಿದವು. ಮಂದಿ ಕಿವಿ ಮುಚ್ಚಿದರು, ಕೂಸುಗಳು ಅತ್ತವು. ವೈರಿಗಳ ಬೈಗುಳ ಬಂತು. ಹುಳಿ ಏನೂ ಹೋಗಿರಲಿಲ್ಲ. ನಮ್ಮ ಕಡೆಯಿಂದ ಒಂದು ಕೆಟ್ಟ ಮಾತು ಬರಲಿಲ್ಲ. ಬರಿ ಹುಡುಗರ ಏದುಸಿರು, ಮುಳ್ಳು ಚುಚ್ಚಿದ ನರಳಿಕೆ, ಯಾವನೋ ಒಬ್ಬನ ಅಳು. ಅದನ್ನು ಕೇಳಿ ಮುಂದಿನ ಸಾಲಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಇಷ್ಟು ವರ್ಷ ಅವರು ಕೇಳಿದ್ದು ಕಾಳಗದ ಕತೆ, ಯಾರೂ ಇಷ್ಟು ಸಣ್ಣ ದನಿಗಳನ್ನು ಕೇಳಿರಲಿಲ್ಲ.

ಸದ್ದಿಗೆ ದಿಬ್ಬದಾಚೆಯ ಕುರಿಗಳು ಬೆದರಿ ಚೆಲ್ಲಾಪಿಲ್ಲಿಯಾಗಿ ದಿಬ್ಬ ಹತ್ತಿ ಈಚೆಗೆ ಬಂದವು. ನನ್ನವೇ, ಇನ್ನೂರೂ. ಆಗ ಬಂತು ಕೂಗು.

"ಹಿರ್‍ರೋ... ಹೋ! ಹಿರ್‍ರೋ... ಹೋ!"

ಅದು ನನ್ನ ದನಿಯೆಂದು ನನಗೇ ಗುರುತು ಹತ್ತಲಿಲ್ಲ. ಯಾವುದೋ ಹೆಣ್ಣುಹುಡುಗಿಯ ಹಾಗೆ ತೆಳ್ಳಗಿತ್ತು. ಆದರೆ ಇಳಿಜಾರಿನ ಕುರಿಗಳು ಒಟ್ಟಿಗೇ ನಿಂತವು. ಒಟ್ಟಿಗೇ ತಿರುಗಿದವು. ಇನ್ನೂರು ತಲೆ ಕೆಳಗಿಟ್ಟುಕೊಂಡು, ಮಂದಿಯ ನಡುವೆ ದಾರಿ ಮಾಡಿಕೊಂಡು ಓಡಿ ಬಂದು, ನನ್ನ ಕಾಲಿಗೆ ಒತ್ತಿಕೊಂಡು ನಡುಗುತ್ತ ನಿಂತವು. ಆ ಮೇಲೆ, ಎಲ್ಲಕ್ಕಿಂತ ಆಮೇಲೆ, ಎರಡು ಗಿಡ್ಡ ಕೊಂಬು.

ಪಂಚ ಬಾಯಿ ತೆರೆದವನು ಹಾಗೇ ಕೂತ. ಗುಳಪ್ಪ ಕುರಿಗಳನ್ನು ನೋಡಿದ, ನನ್ನನ್ನು ನೋಡಿದ, "ಮೊದಲ ಕುರಿ ತಿರುಗಿದ್ವು. ಆಮ್ಯಾಲ ನಾ" ಎಂದು ತನಗೆ ತಾನೇ ಹೇಳಿಕೊಂಡ. ದಾವಲ ಅವನ ಹೆಗಲ ಮೇಲೆ ಕೈಯಿಟ್ಟು, "ಕೇಳಿದಿಯಲ್ಲ? ನನ್ನ ಒಂದ ಕಿವಿಗೂ ಕೇಳ್ತು" ಎಂದ.

ಅಲ್ಲಿಗೆ ನಮ್ಮ ಕತೆ ಮುಗಿಯಿತೆಂದು ನಾವು ತಿಳಿದಿದ್ದೆವು. ನಮಗೆ ನೆನಪಿದ್ದದ್ದೂ ಅಷ್ಟೇ. ಆಮೇಲೆ ನಾವು ಓಡಿದ್ದೆವು, ಅಲ್ಲಿ ಇರಲಿಲ್ಲ. ಕಲ್ಲು ಇತ್ತು. ಕುದುರೆಯ ಗೊರಸಿನ ಸದ್ದು ಹತ್ತಿರವಾಗುತ್ತಿರುವಾಗ, ದೂರದಿಂದ, ಮುಳ್ಳು ಮೆಳೆಗಳ ಆಚೆಯಿಂದ, ಆಗಷ್ಟೇ ಒಡೆಯುತ್ತಿದ್ದ ಒಂದು ಗಂಡುದನಿ ಕೇಳಿತು.

"ಬಂದೆ! ತಡೀರಲೇ, ಬಂದೆ!"

ಒಂದು ಗುಂಡು. ಗೊರಸುಗಳು ದಾಟಿ ಹೋದವು. ಆಮೇಲೆ ಕಲ್ಲು ಏನೂ ಹೇಳಲಿಲ್ಲ.

ಶಿವಗೊಂಡ ನನ್ನ ಕೂಗಿಗೆ ಓಗೊಟ್ಟಿದ್ದ. ಓಗೊಟ್ಟು ಮೆಳೆಯಿಂದ ಎದ್ದಿದ್ದ. ಕೂಗಿ ಇಪ್ಪತ್ತೊಂದು ಹುಡುಗರನ್ನು ಉಳಿಸಿದೆ ಎನ್ನುವವನು, ಅದೇ ಕೂಗಿನಿಂದ ಒಬ್ಬನನ್ನು ಎಬ್ಬಿಸಿ ನಿಲ್ಲಿಸಿದೆ ಎಂಬುದನ್ನೂ ಹೊರಬೇಕು. ಹೊರುತ್ತೇನೆ. ನಾನು ನೀಲಕ್ಕನ ಕಡೆ ನೋಡಿದೆ, ಅವಳು ಏನು ಹೇಳಿದರೂ ಕೇಳಿಸಿಕೊಳ್ಳಬೇಕೆಂದು.

ಅವಳು ಅಳುತ್ತಿರಲಿಲ್ಲ. ಕಣಿವೆಯ ಕುತ್ತಿಗೆಯ ಕಡೆಗೇ ನೋಡುತ್ತಿದ್ದಳು. "ಬಿಟ್ಟು ಹೋದ್ರು ಅನ್ಕೊಂಡು ಸತ್ನೇನೋ ಅಂತ ನಾ ದಿನಾ ಕೊರಗ್ತಿದ್ದೆ" ಎಂದಳು. "ಬರಾಕತ್ತಿದ್ದ. ನಿಮ್ಮ ಕೂಡ ಬರಾಕತ್ತಿದ್ದ." ಮಂದಿ ಏಳತೊಡಗಿದ್ದರು. ಚಾಪೆ ಸುತ್ತುವ ಸದ್ದು, ಮಕ್ಕಳನ್ನು ಕರೆಯುವ ಸದ್ದು. ನಾನೂ ಕುರಿಗಳನ್ನು ಹೊರಳಿಸಲು ಕೋಲು ಎತ್ತಿದೆ. ನೀಲಕ್ಕ ಕೈ ಅಡ್ಡ ಹಿಡಿದಳು.

"ಎಲ್ಲಿ ಹೊಂಟ್ರಿ? ತಡೀರಿ ಅಂದಾನಲ್ಲ."

ಎದ್ದವರು ಇದ್ದಲ್ಲೇ ನಿಂತರು. ಗುಳಪ್ಪ ಕಾಲು ಜೋಡಿಸಿದ. ದಾವಲ ತನ್ನ ಕೇಳುವ ಕಿವಿಯನ್ನು ಕಣಿವೆಗೆ ತಿರುಗಿಸಿ ಅವನ ಪಕ್ಕಕ್ಕೆ ಬಂದ. ನಾನು ಕೋಲನ್ನು ನೆಲಕ್ಕೆ ಊರಿ, ಅವತ್ತು ಓಡಿದ ದಾರಿಗೆ ಬೆನ್ನು ಕೊಟ್ಟು, ಮುಳ್ಳು ಮೆಳೆಗಳ ಕಡೆ ಮುಖ ಮಾಡಿ ನಿಂತೆ. ನಡುಕ ನಿಂತ ಕುರಿಗಳು ಒಂದೊಂದಾಗಿ ತಲೆ ತಗ್ಗಿಸಿ ಗರಿಕೆ ಮೇಯತೊಡಗಿದವು. ಬಿಸಿಲು ನೆತ್ತಿಗೆ ಬಂತು, ನೆತ್ತಿಯಿಂದ ಇಳಿಯಿತು. ಇಡೀ ಊರು ನಿಂತಿತ್ತು, ಯಾರೂ ಮೊದಲು ತಿರುಗಲಿಲ್ಲ.